ಕಾನ್ವೆಂಟಿನ ಒಂದನೇ ಕ್ಲಾಸು: ಅಕ್ಷರಕ್ಕಿಂತ ಮೊದಲು ಕೈಗೂ ಬಾಯಿಗೂ ಕಲಿಸಬೇಕಾದದ್ದು

ಪ್ರಶ್ನೆ: ಆಲ್ದೂರಿನ ಹತ್ತಿರ ಕಾಫಿ ತೋಟವೊಂದರಲ್ಲಿ ನಮ್ಮ ಯಜಮಾನರು ರೈಟರ್ (ಲೆಕ್ಕ, ಹಾಜರಿ ಬರೆಯುವವರು) ಆಗಿದ್ದಾರೆ. ಮಗಳಿಗೆ ಏಪ್ರಿಲ್‌ನಲ್ಲಿ ಆರು ವರ್ಷ ತುಂಬಿತು. ಇಷ್ಟು ದಿನ ಅಂಗನವಾಡಿಗೆ ಹೋಗುತ್ತಿದ್ದಳು. ಜೂನ್‌ನಿಂದ ಚಿಕ್ಕಮಗಳೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದೇವೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ನಾವು ಕ್ರೈಸ್ತರೂ ಅಲ್ಲ. ಉಳಿದ ಮಕ್ಕಳೆಲ್ಲ ಎಲ್‌ಕೆಜಿ, ಯುಕೆಜಿ ಮುಗಿಸಿ ಬರುತ್ತಾರಂತೆ. ಅಲ್ಲಿ ದಿನವಿಡೀ ಏನು ನಡೆಯುತ್ತದೆ? ಪ್ರಾರ್ಥನೆಯ ಹೊತ್ತಿಗೆ ಇವಳು ಏನು ಮಾಡಬೇಕು? ಉಳಿದಿರುವ ಆರು ವಾರದಲ್ಲಿ ಮನೆಯಲ್ಲಿ ಏನು ಕಲಿಸಲಿ? ಈಗಲೇ ಟ್ಯೂಷನ್‌ಗೆ ಹಾಕಬೇಕೇ?

ಉತ್ತರ: ಟ್ಯೂಷನ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಆರು ವಾರವನ್ನು ಎ-ಬಿ-ಸಿ-ಡಿ ತಿದ್ದಿಸುವುದರಲ್ಲೇ ಕಳೆದರೆ ಜೂನ್‌ನಲ್ಲಿ ಮಗುವಿಗೆ ನಿಜವಾಗಿ ಬೇಕಾಗುವ ಕೆಲಸಗಳು ಹಾಗೇ ಉಳಿದುಬಿಡುತ್ತವೆ. ಒಂದನೇ ಕ್ಲಾಸಿಗೆ ಹೊಸದಾಗಿ ಬಂದ ಮಗು ಮೊದಲ ತಿಂಗಳು ಅಳುವುದು ಇಂಗ್ಲಿಷ್ ಬರಲಿಲ್ಲ ಅಂತ ಅಲ್ಲ. ಟಾಯ್ಲೆಟ್‌ಗೆ ಹೋಗಬೇಕು ಅಂತ ಕೇಳಲು ಬಾಯಿ ಬರಲಿಲ್ಲ, ಡಬ್ಬಿಯ ಮುಚ್ಚಳ ತೆಗೆಯಲು ಕೈಲಾಗಲಿಲ್ಲ, ಸಾಕ್ಸ್ ಒದ್ದೆಯಾಗಿ ಕಾಲು ಕೊರೆಯಿತು, ಮಿಸ್ ಕರೆದ ಹೆಸರು ತನ್ನದೇ ಅಂತ ಗೊತ್ತಾಗಲಿಲ್ಲ. ಅಳು ಬರುವುದು ಇಂಥವಕ್ಕೆ. ಇವೆಲ್ಲ ಮನೆಯಲ್ಲೇ ಕಲಿಸಬಹುದಾದ ಕೆಲಸಗಳು. ಅಕ್ಷರ ಕಲಿಸಲು ಶಾಲೆಗೆ ಇಡೀ ವರ್ಷ ಇದೆ.

ಹೆಸರಿನಿಂದಲೇ ಶುರು ಮಾಡಿ. ಮನೆಯಲ್ಲಿ ಪುಟ್ಟಿ, ಚಿನ್ನು, ಅಮ್ಮಿ ಅಂತ ಕರೆಸಿಕೊಂಡ ಮಗುವಿಗೆ ರಿಜಿಸ್ಟರಿನಲ್ಲಿರುವ ಹೆಸರು ಪರಕೀಯ. ಹಾಜರಿ ಕೂಗುವಾಗ ಅದು ಸುಮ್ಮನೆ ಕೂತಿರುತ್ತದೆ, ಟೀಚರ್ ಎರಡು ಸಲ ಕೂಗಿ ಗೈರುಹಾಜರಿ ಹಾಕುತ್ತಾರೆ, ಪಕ್ಕದ ಮಕ್ಕಳು ನಗುತ್ತಾರೆ. ಇವತ್ತಿನಿಂದ ದಿನಕ್ಕೆ ನಾಲ್ಕೈದು ಸಲ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಕೂಗಿ, ‘ಪ್ರೆಸೆಂಟ್ ಮಿಸ್’ ಅಂತ ಗಟ್ಟಿಯಾಗಿ ಹೇಳಿಸಿ. ಒಂದೇ ವಾರದಲ್ಲಿ ರೂಢಿಯಾಗುತ್ತದೆ.

ಕರೆಯುವ ರೀತಿಯನ್ನೂ ಹೇಳಿಕೊಡಿ. ಕ್ಲಾಸು ತೆಗೆದುಕೊಳ್ಳುವ, ಸಿಸ್ಟರ್ ಅಲ್ಲದ ಟೀಚರ್‌ಗಳು ಮಕ್ಕಳ ಬಾಯಲ್ಲಿ ‘ಮಿಸ್’. ತಲೆಗೆ ಬಟ್ಟೆ ಹಾಕಿಕೊಂಡು, ಕೊರಳಲ್ಲಿ ಶಿಲುಬೆ ತೊಟ್ಟವರು ‘ಸಿಸ್ಟರ್’. ಹೆಡ್‌ಮಿಸ್ಟ್ರೆಸ್ ಆಗಿದ್ದರೂ ಸಿಸ್ಟರೇ. ಚರ್ಚಿನಿಂದ ಬರುವವರು ‘ಫಾದರ್’. ಕೈತೊಳೆಸುವ, ಟಾಯ್ಲೆಟ್‌ಗೆ ಕರೆದೊಯ್ಯುವ ಹೆಂಗಸು ‘ಆಯಮ್ಮ’. ಮೊದಲ ತಿಂಗಳು ನಿಮ್ಮ ಮಗಳಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗುವವರು ಆಯಮ್ಮನೇ. ಸೇರಿಸಲು ಹೋದ ದಿನವೇ ಅವರ ಮುಖ ತೋರಿಸಿ, ಎರಡು ಮಾತಾಡಿಸಿ ಬನ್ನಿ.

ಇನ್ನು ದಿನಚರಿ. ಬೆಲ್ ಹೊಡೆಯುವುದು ಸಾಮಾನ್ಯವಾಗಿ ಒಂಬತ್ತರಿಂದ ಒಂಬತ್ತೂವರೆಯ ಒಳಗೆ. ಅಸೆಂಬ್ಲಿ ಒಂದು ಹದಿನೈದು ನಿಮಿಷ: ಪ್ರಾರ್ಥನೆ, ಬೈಬಲ್‌ನಿಂದ ನಾಲ್ಕು ಸಾಲು ಅಥವಾ ಆ ದಿನದ ನೀತಿಮಾತು, ಸುದ್ದಿ, ನಾಡಗೀತೆ, ರಾಷ್ಟ್ರಗೀತೆ. ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರು, ಹಾಗಾಗಿ ಕಾರಿಡಾರಿನಲ್ಲೋ ಕ್ಲಾಸಿನೊಳಗೋ ಮುಗಿಸುತ್ತಾರೆ. ಆಮೇಲೆ 35–40 ನಿಮಿಷದ ಪೀರಿಯಡ್‌ಗಳು, ಬೆಳಿಗ್ಗೆ ಒಂದು ಸಣ್ಣ ಬ್ರೇಕ್, ಮಧ್ಯಾಹ್ನ ಊಟಕ್ಕೆ ಮುಕ್ಕಾಲು ಗಂಟೆಯ ಹತ್ತಿರ, ಮೂರೂವರೆ ಸುಮಾರಿಗೆ ಬಿಡುಗಡೆ. ಪಾಠಗಳು ಇಂಗ್ಲಿಷ್, ಕನ್ನಡ, ಗಣಿತ, ಪರಿಸರ. ಜೊತೆಗೆ ಚಿತ್ರ, ಹಾಡು, ಆಟ, ನೀತಿ ಪಾಠ. ಅಂಗನವಾಡಿಯಲ್ಲಿ ಚಾಪೆಯ ಮೇಲೆ ಹೊರಳಾಡಿಕೊಂಡಿದ್ದ ಮಗು ಇಲ್ಲಿ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರಬೇಕು. ಪಾಠಕ್ಕಿಂತ ಆ ಕೂರುವಿಕೆಯೇ ಹೆಚ್ಚು ದಣಿಸುತ್ತದೆ. ಸಂಜೆ ಮನೆಗೆ ಬಂದವಳು ಸಿಡುಕಿದರೆ ಅದನ್ನು ಹಟ ಅಂದುಕೊಳ್ಳಬೇಡಿ.

ಟಾಯ್ಲೆಟ್ ವಿಷಯವನ್ನು ಬಿಡಿಸಿ ಹೇಳುತ್ತೇನೆ. ಬ್ರೋಷರಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ನಲವತ್ತು ಮಕ್ಕಳ ಕ್ಲಾಸಿಗೆ ಹತ್ತು ನಿಮಿಷದ ಬ್ರೇಕ್. ನೆಲ ಒದ್ದೆ, ಒಳಗೆ ಬೆಳಕು ಕಮ್ಮಿ, ಹೊರಗೆ ಸಾಲು. ಮೈಮೇಲೆ ನೆರಿಗೆಯ ಪಿನಾಫೋರ್ (ಶರ್ಟಿನ ಮೇಲೆ ತೊಡುವ ತೋಳಿಲ್ಲದ ಯೂನಿಫಾರಂ), ಒಳಗೆ ಚಡ್ಡಿ, ಅದರ ಮೇಲೆ ಶಾರ್ಟ್ಸ್. ಮನೆಯಲ್ಲಿ ಫ್ರಾಕಿನಲ್ಲಿ ಸಲೀಸಾಗಿ ಹೋಗಿ ಬರುವವಳು ಇಲ್ಲಿ ತಡವರಿಸುತ್ತಾಳೆ. ಆದ್ದರಿಂದ ಯೂನಿಫಾರಂ ಹೊಲಿಸಿ ತಂದ ದಿನವೇ ಪೂರ್ತಿ ಹಾಕಿಸಿ ಅಭ್ಯಾಸ ಮಾಡಿಸಿ. ಪಿನಾಫೋರಿನ ಅಂಚನ್ನು ಹಿಂದಿನಿಂದಲೂ ಮುಂದಿನಿಂದಲೂ ಒಟ್ಟುಮಾಡಿ ಎಡಗೈಯಿಂದ ಎದೆಗೆ ಒತ್ತಿ ಹಿಡಿಯಬೇಕು. ಶಾರ್ಟ್ಸನ್ನು ಮೊಣಕಾಲಿನವರೆಗೆ ಮಾತ್ರ ಇಳಿಸಬೇಕು. ಪಾದದವರೆಗೆ ಇಳಿಸಿದರೆ ಒದ್ದೆ ನೆಲ ತಾಗುತ್ತದೆ, ಮತ್ತೆ ಹಾಕಿಕೊಂಡಾಗ ದಿನವಿಡೀ ಚಳಿ. ತೊಳೆದುಕೊಂಡ ಮೇಲೆ ಮೊದಲು ಹಿಂಭಾಗ ಎಳೆದುಕೊಳ್ಳಬೇಕು, ಆಮೇಲೆ ಮುಂಭಾಗ. ಇಷ್ಟನ್ನು ನಾಲ್ಕು ದಿನ, ನೀವು ಬಾಗಿಲ ಹೊರಗೆ ನಿಂತು, ಅವಳೊಬ್ಬಳೇ ಮಾಡುವಂತೆ ನೋಡಿಕೊಳ್ಳಿ. ಎಲಾಸ್ಟಿಕ್ ಬಿಗಿಯಿದ್ದರೆ ದರ್ಜಿಯ ಹತ್ತಿರ ಸಡಿಲ ಮಾಡಿಸಿ.

ಇದು ಬಾರದ ಮಗು ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿದ್ದು ಸಂಜೆ ನಾಲ್ಕೂವರೆವರೆಗೆ ಕಟ್ಟಿಕೊಂಡಿರುತ್ತದೆ. ಸಂಜೆ ಬಾಟಲಿ ತುಂಬಿದ್ದು ತುಂಬಿದಂತೇ ವಾಪಸ್ ಬಂದರೆ ಅದೇ ಮೊದಲ ಸುಳಿವು. ಮೂತ್ರ ಉರಿ, ಕೆಳಹೊಟ್ಟೆ ನೋವು, ಕಾರಣ ತಿಳಿಯದ ಜ್ವರ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ಇಂಗ್ಲಿಷ್ ಎಷ್ಟು ಬೇಕು? ಜೂನ್ 1ಕ್ಕೆ ಹದಿನೈದು ಮಾತು ಸಾಕು. ಎಲ್ಲಕ್ಕಿಂತ ಮೊದಲು ‘ಮೇ ಐ ಗೋ ಟು ಟಾಯ್ಲೆಟ್, ಮಿಸ್?’ ಇದನ್ನು ಕೈಯೆತ್ತಿ, ಎದ್ದು ನಿಂತು, ಟೀಚರ್‌ಗೆ ಕೇಳುವಷ್ಟು ಗಟ್ಟಿಯಾಗಿ ಹೇಳಲು ಕಲಿಸಿ. ಪಿಸುಗುಟ್ಟಿ ಕೇಳಿದ್ದು ನಲವತ್ತು ಮಕ್ಕಳ ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಆಮೇಲೆ ‘ಮೇ ಐ ಕಮ್ ಇನ್’, ‘ವಾಟರ್ ಪ್ಲೀಸ್’, ‘ಐ ಡೋಂಟ್ ನೋ’, ‘ಸ್ಟಮಕ್ ಪೇನ್’. ಇವಿಷ್ಟು ಹೇಳುವುದಕ್ಕೆ. ಕೇಳಿ ತಿಳಿದುಕೊಳ್ಳುವುದಕ್ಕೆ ಸಿಟ್, ಸ್ಟ್ಯಾಂಡ್, ಲೈನ್, ಓಪನ್, ಕ್ಲೋಸ್, ಟೇಕ್ ಔಟ್, ಕೀಪ್ ಇನ್‌ಸೈಡ್, ವೇಟ್, ಶೋ, ಕಮ್. ಕೆಲಸ ಮಾಡುತ್ತಲೇ ಹೇಳಿ: ಬಾಗಿಲು ತೆಗೆಯುವಾಗ ‘ಓಪನ್’, ಪುಸ್ತಕ ಚೀಲಕ್ಕೆ ಹಾಕುವಾಗ ‘ಕೀಪ್ ಇನ್‌ಸೈಡ್’. ಕೂರಿಸಿ ಬಾಯಿಪಾಠ ಮಾಡಿಸಿದರೆ ಮನೆಯಲ್ಲಿ ಹೇಳುತ್ತಾಳೆ, ಕ್ಲಾಸಿನಲ್ಲಿ ಹೊಳೆಯುವುದಿಲ್ಲ.

ಮನೆಯ ಮಾತು ಕನ್ನಡವೇ ಇರಲಿ. ‘ಕಮ್ ಪುಟ್ಟಾ, ಈಟ್ ಮಾಡು’ ಎನ್ನುವ ಅರೆಬರೆ ಮಾತು ಬೇಡ. ನಿಮ್ಮ ಕಡೆಯ ಕ್ಲಾಸಿನಲ್ಲಿ ಮನೆಮಾತು ಕೊಂಕಣಿ, ತುಳು, ಬ್ಯಾರಿ, ಉರ್ದು, ತಮಿಳು, ಮಲಯಾಳಂ ಆಗಿರುವ ಮಕ್ಕಳು ಎಷ್ಟೋ ಇರುತ್ತಾರೆ. ಅವರಿಗೆ ಕನ್ನಡವೂ ಕಲಿತೇ ಬರಬೇಕು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಯಾವ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ಆ ಪೀರಿಯಡ್‌ನಲ್ಲಿ ಕಥೆ ಕೇಳಿದರೆ ತಟ್ಟನೆ ಅರ್ಥವಾಗುವುದು ನಿಮ್ಮ ಮಗಳಿಗೆ. ಅಲ್ಲಿ ಸಿಗುವ ಧೈರ್ಯ ಇಂಗ್ಲಿಷ್ ಪೀರಿಯಡ್‌ಗೂ ದಾಟುತ್ತದೆ. ಆದರೆ ಒಂದು ಮಾತನ್ನು ಕ್ಲಾಸ್ ಟೀಚರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ: ‘ಅವಸರಕ್ಕೆ ಕನ್ನಡದಲ್ಲಿ ಹೇಳಿದರೆ ನಡೆಯುತ್ತದಲ್ಲ, ಮಿಸ್?’ ಹೆಚ್ಚಿನವರು ಹೂಂ ಅನ್ನುತ್ತಾರೆ. ಆ ಉತ್ತರವನ್ನು ಮಗಳಿಗೂ ಅವರ ಬಾಯಿಂದಲೇ ಕೇಳಿಸಿ.

ಓದು ಎಲ್ಲಿ ಎಡವುತ್ತದೆ ಅನ್ನುವುದು ತಿಳಿದಿದ್ದರೆ ನೀವು ಗಾಬರಿಯಾಗುವುದಿಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ‘ಸ’ ಅಂದರೆ ಸ, ‘ರ’ ಅಂದರೆ ರ, ಎರಡನ್ನೂ ಕೂಡಿಸಿದರೆ ‘ಸರ’. ಇಂಗ್ಲಿಷ್ ಹಾಗಲ್ಲ. ಸಿ, ಎ, ಟಿ ಅಂತ ಎಷ್ಟು ಸಲ ಹೇಳಿದರೂ ಅದು ‘ಸಿಯೇಟಿ’ ಆಗುತ್ತದೆಯೇ ಹೊರತು ‘ಕ್ಯಾಟ್’ ಆಗುವುದಿಲ್ಲ. ಯುಕೆಜಿ ಮುಗಿಸಿದ ಮಕ್ಕಳಲ್ಲೂ ಎಷ್ಟೋ ಜನ ‘ಎ ಫಾರ್ ಆಪಲ್’ ಗಟ್ಟಿಯಾಗಿ ಹೇಳಿ, ಮೂರಕ್ಷರದ ಪದ ಕೊಟ್ಟರೆ ಸುಮ್ಮನೆ ನಿಲ್ಲುವುದು ಇದಕ್ಕೇ. ನಿಮಗೆ ಕಲಿಸುವ ಆಸೆಯಿದ್ದರೆ ಹೆಸರಿನ ಬದಲು ಸದ್ದು ಹೇಳಿಕೊಡಿ: ಎಸ್‌ಗೆ ‘ಸ್’, ಟಿಗೆ ‘ಟ್’, ಪಿಗೆ ‘ಪ್’. ಕನ್ನಡದ ನಾಲಿಗೆ ‘ಸ’, ‘ಟ’ ಅಂತ ಕೊನೆಗೊಂದು ಸ್ವರ ಸೇರಿಸಿಬಿಡುತ್ತದೆ, ಪೆನ್ನು, ಬುಕ್ಕು ಅನ್ನುತ್ತೇವಲ್ಲ ಹಾಗೆ. ಅದನ್ನು ಅರ್ಧಕ್ಕೇ ನಿಲ್ಲಿಸಲು ಕಲಿಸಬೇಕು. ಸದ್ದಿನ ಪದ್ಧತಿಯಲ್ಲಿ ಎಷ್ಟೋ ಕಡೆ ಮೊದಲು ಹೇಳಿಕೊಡುವುದು ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು. ಅಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್, ನ್ಯಾಪ್ ಓದಬಹುದು.

ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳ ‘ನಲಿ-ಕಲಿ’ ಎಂಬ ಕಲಿಕೆಯ ಪದ್ಧತಿಯಲ್ಲೂ ಇದೇ ಉಪಾಯ. ಅಲ್ಲಿ ಅ-ಆ-ಇ-ಈ ಸಾಲಿನಿಂದ ಶುರುವಿಲ್ಲ. ‘ರ, ಗ, ಸ, ದ, ಅ’ ಮೊದಲು. ಆ ಐದರಿಂದಲೇ ಸರ, ದರ, ಅರಸ, ಗರಗಸ ಓದಿಬಿಡುತ್ತಾರೆ. ಆಮೇಲೆ ‘ಜ, ವ, ಮ, ಬ, ನ’. ಕನ್ನಡಕ್ಕೆ ನೀವು ಇದೇ ದಾರಿ ಹಿಡಿಯಿರಿ. ನಿಮ್ಮ ಶಾಲೆಯಲ್ಲಿ ವರ್ಣಮಾಲೆಯ ಕ್ರಮದಲ್ಲೇ ಕಲಿಸಿದರೂ ತೊಂದರೆಯಿಲ್ಲ. ‘ಗರಗಸ’ ಅಂತ ತಾನೇ ಕೂಡಿಸಿ ಓದಿದ ಮಗು ಅಕ್ಷರ ಅಂದರೇನೆಂದು ಅರಿತಾಗಿರುತ್ತದೆ.

ಗಣಿತದಲ್ಲಂತೂ ಕನ್ನಡವೇ ಊರುಗೋಲು. ಒಂದನೇ ಕ್ಲಾಸಿನ ಬೋರ್ಡಿನ ಮೇಲೆ ಹೆಚ್ಚು ಕಾಣುವ ತಪ್ಪು 16 ಬರೆಯಲು ಹೇಳಿದರೆ 61 ಬರೆಯುವುದು. ಇಂಗ್ಲಿಷಿನ ‘ಸಿಕ್ಸ್‌ಟೀನ್’ನಲ್ಲಿ ಆರು ಮೊದಲು ಕಿವಿಗೆ ಬೀಳುತ್ತದೆ, ಕೈಯೂ ಆರನ್ನೇ ಮೊದಲು ಬರೆಯುತ್ತದೆ. ಕನ್ನಡದ ‘ಹದಿನಾರು’ ಹತ್ತನ್ನು ಮೊದಲು ಹೇಳಿ ಆರನ್ನು ಆಮೇಲೆ ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಹಾಗಾಗಿ ಮೊದಲು ಕನ್ನಡದಲ್ಲಿ ಹೇಳು, ಬರಿ, ಆಮೇಲೆ ಇಂಗ್ಲಿಷಿನಲ್ಲಿ ಓದು ಅನ್ನಿ. ‘ಥರ್ಟೀನ್’, ‘ಥರ್ಟಿ’ ಕೂಡ ಒಂದೇ ಥರ ಕೇಳಿಸುತ್ತವೆ. ಹದಿಮೂರು, ಮೂವತ್ತು ಅಂದರೆ ಗೊಂದಲವಿಲ್ಲ. ಮನೆಯಲ್ಲಿ ಊದುಬತ್ತಿ ಕಡ್ಡಿಗಳನ್ನು ಕೂಡಿಡಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. ಒಂದು ಕಟ್ಟು, ಆರು ಬಿಡಿ: ಹದಿನಾರು. ಆರು ಕಟ್ಟು, ಒಂದು ಬಿಡಿ: ಅರವತ್ತೊಂದು. ಕಟ್ಟನ್ನು ಎಡಕ್ಕೆ, ಬಿಡಿಯನ್ನು ಬಲಕ್ಕೆ ಇಡಿಸಿ. ನೂರರವರೆಗೆ ಬಾಯಿಪಾಠ ಬಂದರೂ ಮುಂದಿಟ್ಟ ಹನ್ನೆರಡು ಹುಣಸೆಬೀಜ ಎಣಿಸುವಾಗ ತಪ್ಪುವ ಮಕ್ಕಳಿದ್ದಾರೆ. ಬೀಜವನ್ನು ಒಂದೊಂದಾಗಿ ಸರಿಸುತ್ತ ಎಣಿಸುವುದು ಬಾಯಿಲೆಕ್ಕಕ್ಕಿಂತ ಮುಖ್ಯ.

ಬರವಣಿಗೆಗೆ ಬೆರಳು ಗಟ್ಟಿಯಾಗಬೇಕು. ಅವರೆಕಾಯಿ ಸುಲಿಸಿ, ಚಪಾತಿ ಹಿಟ್ಟು ನಾದಿಸಿ, ಬಟ್ಟೆ ಕ್ಲಿಪ್ ಹಾಕಿಸಿ, ಹಳೇ ಪೇಪರನ್ನು ಗೆರೆಯ ಮೇಲೆ ಕತ್ತರಿಸಲಿ. ಪುಸ್ತಕ ಮೂರು ಥರದ್ದಿರುತ್ತವೆ: ಇಂಗ್ಲಿಷಿಗೆ ನಾಲ್ಕು ಗೆರೆ, ಕನ್ನಡಕ್ಕೆ ಎರಡು ಗೆರೆ, ಲೆಕ್ಕಕ್ಕೆ ಚೌಕ. ನಾಲ್ಕು ಗೆರೆಯಲ್ಲಿ ಯಾವ ಅಕ್ಷರ ಎಲ್ಲಿ ನಿಲ್ಲುತ್ತದೆ ಅನ್ನುವುದು ಟೀಚರ್ ಕೆಲಸ, ನೀವು ಮೊದಲೇ ಬೇರೆ ಥರ ಕಲಿಸಿದರೆ ತಿದ್ದುವುದು ಕಷ್ಟ. ನೀವು ನೋಡಬೇಕಾದದ್ದು ಪೆನ್ಸಿಲ್ ಹಿಡಿಯುವುದನ್ನು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಮಧ್ಯದ ಬೆರಳಿನ ಮೇಲೆ ಒರಗಿರಬೇಕು. ಉದ್ದ ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಅರ್ಧ ಸವೆದ ತುಂಡು ಕೊಡಿ, ಮುಷ್ಟಿ ತಾನಾಗಿ ಬಿಡುತ್ತದೆ. ‘ಬಿ’, ‘ಡಿ’ ಅದಲುಬದಲು, 3 ತಿರುಗುಮುರುಗು, ಇವು ಏಳು ವರ್ಷದವರೆಗೆ ಸಾಮಾನ್ಯ, ಬೈಯಬೇಡಿ. ರಬ್ಬರ್ ಮಾತ್ರ ಕಡಿಮೆ ಕೊಡಿ. ಉಜ್ಜಿ ಉಜ್ಜಿ ಹಾಳೆ ತೂತಾದರೆ ಅಳು, ಹಿಂದೆ ಬಿದ್ದರೆ ಇನ್ನೂ ಅಳು. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಮುಂದೆ ಬರೆದರಾಯಿತು.

ಇನ್ನು ನೀವು ಕೇಳಿದ ಪ್ರಾರ್ಥನೆ. ಅದಕ್ಕೂ ಮೊದಲು ಶಾಲೆ ಯಾವುದು ಎಂದು ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯನ್ನೆಲ್ಲ ‘ಕಾನ್ವೆಂಟ್’ ಅನ್ನುತ್ತಾರೆ. ‘ಸೇಂಟ್’ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಕ್ರೈಸ್ತ ಶಾಲೆಯೂ ಆಗಿರಬೇಕಿಲ್ಲ. ಸಿಸ್ಟರ್‌ಗಳದ್ದು, ಕ್ಯಾಥೊಲಿಕ್ ಧರ್ಮಕ್ಷೇತ್ರದ್ದು (ಬಿಷಪ್ಪರ ಆಡಳಿತದ್ದು), ಪ್ರಾಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದ್ದು ಅಂತ ಬೇರೆ ಬೇರೆ ಆಡಳಿತ ಇರುತ್ತವೆ, ರೂಢಿಗಳೂ ಸ್ವಲ್ಪ ಬೇರೆ. ನಿಮ್ಮದು ಸಿಸ್ಟರ್‌ಗಳ ಶಾಲೆ ಅಂದಮೇಲೆ ಕ್ಯಾಥೊಲಿಕ್ ರೂಢಿಯೇ ಇದ್ದೀತು.

ಅಲ್ಲಿ ಪ್ರಾರ್ಥನೆ ಉದ್ದವಿರುವುದಿಲ್ಲ, ಸಲ ಹೆಚ್ಚು. ಅಸೆಂಬ್ಲಿಯಲ್ಲಿ ಒಂದು, ಪಾಠ ಶುರುವಾಗುವ ಮುನ್ನ ಒಂದು, ಊಟಕ್ಕೆ ಮುಂಚೆ ಒಂದು, ಮನೆಗೆ ಹೊರಡುವಾಗ ಒಂದು. ಒಂದೊಂದೂ ಅರ್ಧ-ಒಂದು ನಿಮಿಷದ್ದು. ಶುರುವಿಗೂ ಕೊನೆಗೂ ಶಿಲುಬೆಯ ಗುರುತು ಮಾಡುತ್ತಾರೆ: ಬಲಗೈಯಿಂದ ಹಣೆ, ಎದೆ, ಎಡಭುಜ, ಬಲಭುಜ. ಬೋರ್ಡಿನ ಮೇಲ್ಗಡೆ ಶಿಲುಬೆಯೋ ಯೇಸುವಿನ ಚಿತ್ರವೋ ಇರುತ್ತದೆ. ಬೇರೆ ಧರ್ಮದ ಮಕ್ಕಳು ಕೈಮುಗಿದು ಸುಮ್ಮನೆ ನಿಂತಿದ್ದರೆ ಸಾಕು. ನಿಮ್ಮ ಮಗಳಿಗೂ ಅಷ್ಟೇ ಹೇಳಿ: ‘ಎಲ್ಲರೂ ಎದ್ದಾಗ ಏಳು, ಕೈಮುಗಿ, ಮಾತಾಡಬೇಡ.’ ವಾರದಲ್ಲಿ ಒಂದೆರಡು ಪೀರಿಯಡ್ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶವಿದ್ದರೆ ಅದೇ ಹೊತ್ತಿಗೆ ಉಳಿದವರಿಗೆ ನೀತಿ ಪಾಠವಿರುತ್ತದೆ. ನಿಜ ಹೇಳುವುದು, ಹಂಚಿಕೊಂಡು ತಿನ್ನುವುದು, ಕ್ಷಮೆ ಕೇಳುವುದು, ಒಂದನೇ ಕ್ಲಾಸಿಗೆ ಇಷ್ಟೇ ವಿಷಯ.

ಕಾನೂನು ಏನನ್ನುತ್ತದೆ ಅನ್ನುವುದೂ ಗೊತ್ತಿರಲಿ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಹಾಜರಾಗಲೇಬೇಕು ಎನ್ನುವಂತಿಲ್ಲ. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯಲ್ಲಿದೆ. ಎರಡೂ ಒಟ್ಟಿಗೇ ಬಾಳುವಂಥವು. ನಿಮಗೆ ಯಾವುದಾದರೂ ಆಚರಣೆ ಬೇಡವೆನಿಸಿದರೆ ಶಾಲೆ ಡೈರಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಡಿ. ಗೇಟಿನ ಹತ್ತಿರ ಬೇರೆ ತಾಯಂದಿರ ಜೊತೆ ಗೊಣಗುವುದರಿಂದ ಏನೂ ಆಗುವುದಿಲ್ಲ. ಬಳೆ, ಹೂವು, ಕುಂಕುಮದ ವಿಷಯದಲ್ಲೂ ಸೇರಿಸುವ ದಿನವೇ ಕೇಳಿಬಿಡಿ. ಮೊದಲ ದಿನ ಮಗುವಿನ ಹಣೆಯಿಂದ ಯಾರೋ ಏನನ್ನೋ ಒರೆಸಿದರು ಅನ್ನುವ ಹಾಗೆ ಆಗಬಾರದು. ಇನ್ನೊಂದು: ಜುಲೈ ಹೊತ್ತಿಗೆ ಅವಳು ಮನೆಯಲ್ಲಿ ಊಟಕ್ಕೆ ಕೂತಾಗ ಶಿಲುಬೆ ಗುರುತು ಮಾಡಿ ತೋರಿಸಬಹುದು. ಅಜ್ಜಿ ಬೈಯಲು ಹೊರಟರೆ ತಡೆಯಿರಿ. ಮಿಸ್ ನಡೆಯುವ ಥರ ನಡೆದು ತೋರಿಸುವ ಮಗು ಇದನ್ನೂ ತೋರಿಸುತ್ತದೆ. ‘ಅಲ್ಲಿ ಹಾಗೆ ಪ್ರಾರ್ಥನೆ ಮಾಡುತ್ತಾರೆ, ನಮ್ಮನೆಯಲ್ಲಿ ಹೀಗೆ’ ಅಂದರೆ ಸಾಕು, ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಹಬ್ಬಗಳನ್ನು ಅವಳು ಖುಷಿಯಿಂದ ಕಾಯುತ್ತಾಳೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಮಂಗಳೂರು ಮೂಲದ ಕೊಂಕಣಿ ಕ್ಯಾಥೊಲಿಕರಿಗೆ ಅದು ತೆನೆ ಹಬ್ಬವೂ ಹೌದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸುವ ರೂಢಿಯಿದೆ. ನಿಮ್ಮ ಅಂಗಳದ ಡೇರೆ ಹೂವಿಗೆ ಬೇಡಿಕೆ ಬರಬಹುದು. ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುತ್ತಾರೆ, ಕ್ರಿಸ್ತಜಯಂತಿಯ ನಾಟಕವಾಡಿಸುತ್ತಾರೆ, ಕುರುಬರು ಮತ್ತು ದೇವದೂತರ ಪಾತ್ರಕ್ಕೆ ಎಲ್ಲ ಧರ್ಮದ ಮಕ್ಕಳನ್ನೂ ನಿಲ್ಲಿಸುತ್ತಾರೆ. ಕೆಲವು ಶಾಲೆಗಳು ದಸರಾ ರಜೆ ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ಹೆಚ್ಚು ರಜೆ ಕೊಡುತ್ತವೆ. ಊರಿಗೆ ಟಿಕೆಟ್ ಮಾಡಿಸುವ ಮುನ್ನ ಕ್ಯಾಲೆಂಡರ್ ನೋಡಿ.

ಊಟದ ಡಬ್ಬಿ ಕೊಳ್ಳುವಾಗ ಅಂಗಡಿಯಲ್ಲೇ ಮಗಳ ಕೈಗೆ ಕೊಟ್ಟು ಮೂರು ಸಲ ತೆಗೆಸಿ, ಮುಚ್ಚಿಸಿ. ತಿರುಗಿಸುವ ಮುಚ್ಚಳ ಬಿಸಿ ಅನ್ನ ಹಾಕಿ ಮುಚ್ಚಿದರೆ ತಣಿದ ಮೇಲೆ ಕಚ್ಚಿಕೊಳ್ಳುತ್ತದೆ, ದೊಡ್ಡವರಿಗೂ ಬರುವುದಿಲ್ಲ. ಪಕ್ಕದಲ್ಲಿ ಕ್ಲಿಪ್ ಇರುವುದು ವಾಸಿ. ಪ್ರಾರ್ಥನೆ, ಕೈತೊಳೆಯುವ ಸಾಲು, ಡಬ್ಬಿ ತೊಳೆಯುವುದು ಕಳೆದರೆ ತಿನ್ನಲು ಇಪ್ಪತ್ತು ನಿಮಿಷವಷ್ಟೇ ಉಳಿಯುತ್ತದೆ. ಅಕ್ಕಿರೊಟ್ಟಿ ಬೆಳಿಗ್ಗೆ ಮೆತ್ತಗಿದ್ದರೂ ಮಲೆನಾಡಿನ ಚಳಿಯಲ್ಲಿ ಮಧ್ಯಾಹ್ನಕ್ಕೆ ಹಪ್ಪಳ. ಕೊಡುವುದಾದರೆ ತುಪ್ಪ ಸವರಿ, ತುತ್ತಿನ ಗಾತ್ರಕ್ಕೆ ಹರಿದು, ಬಟ್ಟೆಯಲ್ಲಿ ಸುತ್ತಿಡಿ. ಸಾರು ಚೆಲ್ಲುತ್ತದೆ, ಉಪ್ಪಿಟ್ಟು ಒಣಗುತ್ತದೆ. ಮೊಸರನ್ನ, ಚಿತ್ರಾನ್ನ, ಇಡ್ಲಿ, ಪಲ್ಯ ಸುತ್ತಿದ ಚಪಾತಿ ಸರಿ. ಮನೆಯಲ್ಲಿ ತಿನ್ನುವುದರ ಮುಕ್ಕಾಲು ಪಾಲು ಹಾಕಿ. ವ್ಯಾನಿನ ವಿಷಯದಲ್ಲಿ ಒಂದು ಎಚ್ಚರ: ಹೊರಡುವ ಮುನ್ನ ಗಟಗಟ ಹಾಲು ಕುಡಿಸಿದರೆ ಆ ತಿರುವಿನ ದಾರಿಯಲ್ಲಿ ವಾಂತಿ ಖಂಡಿತ. ತಿಂಡಿ ಅರ್ಧ ಗಂಟೆ ಮೊದಲೇ ಆಗಲಿ, ಹಾಲು ಸಂಜೆಗಿರಲಿ.

ಮಳೆಗೆ ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು, ಬೆನ್ನಿನ ಚೀಲವೂ ಒಳಗೆ ಬರುವಂಥದ್ದು. ಒಂದೇ ಬಣ್ಣದ ಇಪ್ಪತ್ತು ಕೋಟು ಒಂದೇ ಗೂಟಕ್ಕೆ ನೇತಾಡುತ್ತವೆ, ಆದ್ದರಿಂದ ಕಾಲರಿನ ಒಳಗೆ ಮಾರ್ಕರ್‌ನಲ್ಲಿ ಹೆಸರು ಬರೆದು, ಓದಲು ಬಾರದ ಮಗಳಿಗಾಗಿ ಒಂದು ಕೆಂಪು ದಾರ ಹೊಲಿದುಬಿಡಿ. ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಜೊತೆ ಸಾಕ್ಸ್, ಒಂದು ಚಡ್ಡಿ, ಒಂದು ಸಣ್ಣ ಟವೆಲ್ ಯಾವಾಗಲೂ ಇರಲಿ. ನೆನೆದ ಶೂಗೆ ಹಳೇ ಪೇಪರ್ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ, ಬಚ್ಚಲ ಒಲೆಯಿಂದ ಎರಡು ಅಡಿ ದೂರ ಇಡಿ. ತೀರಾ ಹತ್ತಿರ ಇಟ್ಟರೆ ಶೂವಿನ ಅಡಿಭಾಗಕ್ಕೆ ಅಂಟಿಸಿದ ಗಮ್ ಬಿಡುತ್ತದೆ. ಜುಲೈನಲ್ಲಿ ಚಪ್ಪಲಿಗೋ ಗಂಬೂಟಿಗೋ ಅವಕಾಶವಿದೆಯೇ ಕೇಳಿ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನಗಳ ಪಾಠವನ್ನು ಆಮೇಲೆ ಶನಿವಾರಗಳಲ್ಲಿ ತುಂಬಿಸುತ್ತಾರೆ, ಅದಕ್ಕೆ ತಯಾರಿರಿ.

ಚೀಲವನ್ನು ತೋಟದ ತೂಕದ ಕೊಕ್ಕೆಗೆ ನೇತುಹಾಕಿ ನೋಡಿ. ರಾಜ್ಯದ 2019ರ ಆದೇಶದಂತೆ ಒಂದು, ಎರಡನೇ ಕ್ಲಾಸಿನ ಚೀಲ 1.5ರಿಂದ 2 ಕಿಲೋ ಒಳಗಿರಬೇಕು, ಹೋಂವರ್ಕ್ ಕೊಡುವಂತಿಲ್ಲ. ಬರೀ ಚೀಲವೇ ಅರ್ಧ ಕಿಲೋ, ಅರ್ಧ ಲೀಟರ್ ನೀರು ಬಾಟಲಿ ಸೇರಿ 600 ಗ್ರಾಂ ಹತ್ತಿರ, ತುಂಬಿದ ಡಬ್ಬಿ 400. ಪುಸ್ತಕ ಇಡುವ ಮೊದಲೇ ಒಂದೂವರೆ ಆಯಿತು. ಹಾಗಾಗಿ ಪುಸ್ತಕಗಳನ್ನು ಕ್ಲಾಸಿನ ಬೀರುವಿನಲ್ಲೇ ಇಡುವ ವ್ಯವಸ್ಥೆ ಮಾಡಿ ಅಂತ ಪೋಷಕರ ಸಭೆಯಲ್ಲಿ ಕೇಳಿ. ಹೊಡೆಯುವುದು, ಅವಮಾನಿಸುವುದು ಯಾವ ಶಾಲೆಯಲ್ಲೂ ಸಲ್ಲದು. ಹಾಗೇನಾದರೂ ಆದರೆ ಮೊದಲು ಹೆಡ್‌ಮಿಸ್ಟ್ರೆಸ್‌ಗೆ ಬರಹದಲ್ಲಿ ಕೊಡಿ, ಕೇಳಿಸಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098.

ಮೊದಲ ದಿನ ಕಣ್ಣು ತಪ್ಪಿಸಿ ಓಡಿಬರಬೇಡಿ. ಮರುದಿನದಿಂದ ಅವಳು ನಿಮ್ಮ ಸೆರಗು ಬಿಡುವುದಿಲ್ಲ. ಆಯಮ್ಮನ ಕೈಗೆ ಕೊಟ್ಟು, ‘ಊಟ ಆಗುತ್ತೆ, ಆಮೇಲೆ ಇನ್ನೊಂದು ಸ್ವಲ್ಪ ಪಾಠ, ಆಮೇಲೆ ವ್ಯಾನ್ ಅಣ್ಣ ಬರ್ತಾನೆ’ ಅಂತ ಹೇಳಿ ಹೊರಡಿ. ಆರು ವರ್ಷಕ್ಕೆ ಗಡಿಯಾರದ ಗಂಟೆ ತಿಳಿಯುವುದಿಲ್ಲ, ಊಟ ಆದ ಮೇಲೆ ಅನ್ನುವುದು ತಿಳಿಯುತ್ತದೆ. ಸಂಜೆ ‘ಏನು ಕಲಿತೆ?’ ಅಂದರೆ ‘ಏನಿಲ್ಲ’ ಅನ್ನುತ್ತಾಳೆ. ‘ಪಕ್ಕದಲ್ಲಿ ಯಾರು ಕೂತಿದ್ದರು? ಅವರ ಡಬ್ಬಿಯಲ್ಲಿ ಏನಿತ್ತು?’ ಅಂತ ಕೇಳಿ.

ಅಳು ಎರಡು-ಮೂರು ವಾರದಲ್ಲಿ ಇಳಿಯುತ್ತದೆ. ಮಾತು ಬರಲು ಹೆಚ್ಚು ಕಾಲ ಬೇಕು. ಮೊದಲ ಎರಡು-ಮೂರು ತಿಂಗಳು ಕ್ಲಾಸಿನಲ್ಲಿ ಇಂಗ್ಲಿಷೇ ಆಡದೆ ಕಿವಿಗೊಟ್ಟು ಕೂರುವ ಮಕ್ಕಳು ಬಹಳ, ಅದು ಕಲಿಕೆಯೇ. ಸ್ವಾತಂತ್ರ್ಯ ದಿನಾಚರಣೆ ಕಳೆದ ಮೇಲೆ ಒಮ್ಮೆ ಹೋಗಿ ಕ್ಲಾಸ್ ಟೀಚರನ್ನು ಕಂಡು ಮೂರು ವಿಷಯ ಕೇಳಿ: ತಾನಾಗಿ ಟಾಯ್ಲೆಟ್ ಕೇಳುತ್ತಾಳೆಯೇ, ಡಬ್ಬಿ ಖಾಲಿ ಮಾಡುತ್ತಾಳೆಯೇ, ಆಡಲು ಒಬ್ಬಳಾದರೂ ಗೆಳತಿ ಇದ್ದಾಳೆಯೇ. ಮೂರಕ್ಕೂ ಹೌದು ಅಂದರೆ ಅಂಕಗಳ ಬಗ್ಗೆ ಕೇಳಲೇಬೇಡಿ. ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುತ್ತಾಳೆ, ಪಕ್ಕದವರ ಪುಸ್ತಕ ನೋಡಿಯೇ ಬರೆಯುತ್ತಾಳೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂತ ಟೀಚರ್ ಹೇಳಿದರೆ ಆ ವಾರವೇ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮಳೆಗಾಲದ ನೆಗಡಿಯಲ್ಲಿ ಕಿವಿಯೊಳಗೆ ನೀರು ಕಟ್ಟಿ ಅರ್ಧಂಬರ್ಧ ಕೇಳಿಸುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಅಂಥ ಮಗುವನ್ನು ದಡ್ಡಿ ಅಂದುಬಿಡುತ್ತಾರೆ.